ಮಾಲು ಹೋಯಿತು, ದುಡ್ಡು ಬಂದಿಲ್ಲ: ಒಂದು ಬಿಲ್ಲಿನ ಜಾಡಿನಲ್ಲಿ ವಾಣಿಜ್ಯ ಕಾನೂನು

ಬಿ.ಕಾಂ., ಬಿ.ಬಿ.ಎ. ತರಗತಿಗಳಲ್ಲಿ ವಾಣಿಜ್ಯ ಕಾನೂನು ಶುರುವಾಗುವುದು 1872ರ ಭಾರತೀಯ ಕರಾರು ಕಾಯ್ದೆಯಿಂದ. ಪ್ರಸ್ತಾಪ, ಸ್ವೀಕೃತಿ, ಪ್ರತಿಫಲ, ಮುಕ್ತ ಸಮ್ಮತಿ ಎಂದು ವ್ಯಾಖ್ಯೆಗಳು ಒಂದೊಂದಾಗಿ ಬಾಯಿಪಾಠವಾಗುತ್ತವೆ. ಆಮೇಲೆ ಸರಕು ಮಾರಾಟ, ಪಾಲುದಾರಿಕೆ, ಚೆಕ್ಕು, ಕಂಪನಿ. ಪರೀಕ್ಷೆಗೆ ಇವು ಬೇರೆ ಬೇರೆ ಅಧ್ಯಾಯಗಳು. ವ್ಯಾಪಾರದಲ್ಲಿ ಹಾಗಲ್ಲ, ಒಂದೇ ಬಿಲ್ಲಿನ ಮೇಲೆ ಏಳೆಂಟು ಕಾಯ್ದೆಗಳು ಒಟ್ಟಿಗೆ ಕೂತಿರುತ್ತವೆ. ಅವುಗಳಲ್ಲಿ ಯಾವುದು ಯಾವಾಗ ಕೆಲಸಕ್ಕೆ ಬರುತ್ತದೆ, ಯಾವುದು ಪುಸ್ತಕದಲ್ಲಷ್ಟೇ ಬಲಶಾಲಿ ಎಂಬುದು ದುಡ್ಡು ಬರದೆ ನಿಂತಾಗ ಮಾತ್ರ ತಿಳಿಯುತ್ತದೆ.

ಹಾಗಾಗಿ ಒಂದು ಕಲ್ಪಿತ ಬಿಲ್ಲನ್ನೇ ಹಿಡಿದು ಹೊರಡೋಣ. ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಮಷೀನಿಂಗ್ ಘಟಕ. ಕೊಯಮತ್ತೂರಿನ ಒಂದು ಪಂಪ್ ತಯಾರಿಕಾ ಕಂಪನಿಗೆ 2,000 ಶಾಫ್ಟ್, ಒಂದಕ್ಕೆ ₹200ರಂತೆ. ಮಾಲಿನ ಬೆಲೆ ₹4,00,000, ಶೇ 18ರ ಜಿಎಸ್‌ಟಿ ₹72,000, ಒಟ್ಟು ₹4,72,000. ಬಿಲ್ಲಿನ ದಿನಾಂಕ 2024ರ ಜೂನ್ 8. ಮಾಲು ತಲುಪಿದ್ದು ಜೂನ್ 10. ದುಡ್ಡು ಬಂದಿಲ್ಲ.

ಯಾರ ಕಾಗದ ಕೊನೆಯದು?

ಮೊದಲ ಪ್ರಶ್ನೆ: ಇಬ್ಬರ ನಡುವೆ ಒಪ್ಪಂದವಾದದ್ದು ಯಾವ ಷರತ್ತಿನ ಮೇಲೆ? ಪೀಣ್ಯದ ಘಟಕ ಕಳಿಸಿದ ಕೊಟೇಶನ್‌ನಲ್ಲಿ ‘30 ದಿನದಲ್ಲಿ ಪಾವತಿ’ ಎಂದಿದೆ. ಕಂಪನಿ ಕಳಿಸಿದ ಪರ್ಚೇಸ್ ಆರ್ಡರಿನ ಹಿಂಬದಿಯಲ್ಲಿ, ಇರುವೆ ಗಾತ್ರದ ಅಕ್ಷರಗಳಲ್ಲಿ, ‘90 ದಿನ’ ಎಂದಿದೆ. ಬಿಲ್ಲಿನ ಅಡಿಯಲ್ಲಿ ಪ್ರೆಸ್ಸಿನವನು ಎಲ್ಲರಿಗೂ ಹಾಕಿಕೊಡುವ ಸಾಲು: ‘ತಡವಾದರೆ ಶೇ 24 ಬಡ್ಡಿ, ಬೆಂಗಳೂರು ನ್ಯಾಯವ್ಯಾಪ್ತಿಗೆ ಒಳಪಟ್ಟಿದೆ.’

ಕರಾರು ಕಾಯ್ದೆಯ ಸೆಕ್ಷನ್ 7ರ ಪ್ರಕಾರ ಸ್ವೀಕೃತಿ ಯಾವ ಬದಲಾವಣೆಯೂ ಇಲ್ಲದೆ ಪೂರ್ತಿಯಾಗಿರಬೇಕು. ಷರತ್ತು ಬದಲಿಸಿ ‘ಆಗಲಿ’ ಎಂದರೆ ಅದು ಸ್ವೀಕೃತಿಯಲ್ಲ, ಪ್ರತಿ-ಪ್ರಸ್ತಾಪ. ಇಲ್ಲಿ ಕೊಟೇಶನ್ ಒಂದು ಪ್ರಸ್ತಾಪ. 90 ದಿನ ಎಂದ ಆರ್ಡರು ಅದಕ್ಕೆ ಬಂದ ಪ್ರತಿ-ಪ್ರಸ್ತಾಪ. ಅದನ್ನು ಓದದೆ, ಅಥವಾ ಓದಿಯೂ ಸುಮ್ಮನಿದ್ದು ಮಾಲು ಲಾರಿಗೆ ಹಾಕಿದ ಕ್ಷಣ ಸೆಕ್ಷನ್ 8ರಂತೆ ನಡತೆಯಿಂದಲೇ ಸ್ವೀಕೃತಿ ಆಯಿತು. ಅಂದರೆ ಇಬ್ಬರ ನಡುವಿನ ಕರಾರು ಕಂಪನಿಯ ಷರತ್ತಿನದು. ಬಿಲ್ಲು ಹುಟ್ಟಿದ್ದು ಕರಾರು ಆದಮೇಲೆ. ಹಾಗಾಗಿ ಅದರ ಅಡಿಯ ಶೇ 24 ಬಡ್ಡಿಯ ಸಾಲನ್ನೇ ನೆಚ್ಚಿಕೊಂಡು ಕೋರ್ಟಿಗೆ ಹೋದವರು ‘ಇದಕ್ಕೆ ಎದುರು ಪಕ್ಷ ಎಲ್ಲಿ ಒಪ್ಪಿದೆ?’ ಎಂಬ ಪ್ರಶ್ನೆಗೆ ತಡಬಡಾಯಿಸುತ್ತಾರೆ. ಆರ್ಡರು ಕೈಗೆ ಬಂದ ದಿನವೇ ‘ಪಾವತಿ ಅವಧಿ ನಮ್ಮ ಕೊಟೇಶನ್‌ನಂತೆ 30 ದಿನ, ಒಪ್ಪಿಗೆ ತಿಳಿಸಿ’ ಎಂದು ಎರಡು ಸಾಲಿನ ಇಮೇಲ್ ಹಾಕಿ, ಉತ್ತರ ಬಂದಮೇಲೆ ಮಾಲು ಕಳಿಸಿದ್ದರೆ ಕಥೆಯೇ ಬೇರೆ ಇರುತ್ತಿತ್ತು.

ಇಮೇಲ್ ಮತ್ತು ವಾಟ್ಸಾಪ್‌ನಲ್ಲಿ ಆದ ಮಾತುಕತೆಯೂ ಕರಾರಾಗಬಲ್ಲದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 10ಎ ಅದನ್ನು ಹೇಳುತ್ತದೆ. ಆದರೆ ಸ್ಕ್ರೀನ್‌ಶಾಟ್ ಮುದ್ರಿಸಿ ಕೋರ್ಟಿನ ಮುಂದಿಟ್ಟರೆ ಸಾಲದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಜೊತೆಗಿರಬೇಕು. ಅದರಲ್ಲಿ ಎರಡು ಭಾಗ: ಒಂದಕ್ಕೆ ದಾಖಲೆ ಹಾಜರುಪಡಿಸುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿಗೆ ಬೆರಳಚ್ಚಿನಂತಿರುವ ಸಂಕೇತ) ಬರೆಯಬೇಕು. ಫೋನ್ ಬದಲಿಸುವಾಗ ಹಳೆಯ ಚಾಟ್ ಅಳಿಸಿಹೋದರೆ ಈ ಪ್ರಮಾಣಪತ್ರಕ್ಕೆ ಆಧಾರವೇ ಇರುವುದಿಲ್ಲ.

ಆರ್ಡರಿನಲ್ಲಿ ಇನ್ನೊಂದು ಸಾಲು ಸಾಮಾನ್ಯ: ‘ಮಾಲು ತಡವಾದರೆ ವಾರಕ್ಕೆ ಇಷ್ಟು ಶೇಕಡಾ ಕಡಿತ.’ ಎಷ್ಟೋ ಕಂಪನಿಗಳ ಅಕೌಂಟ್ಸ್ ವಿಭಾಗ ಇದನ್ನು ಕೇಳದೆಯೇ ಡೆಬಿಟ್ ನೋಟ್ (ಕಡಿತದ ಚೀಟಿ) ಮಾಡಿ ಕಳೆದುಬಿಡುತ್ತದೆ. ಕರಾರು ಕಾಯ್ದೆಯ ಸೆಕ್ಷನ್ 74ರಲ್ಲಿ ಆ ಮೊತ್ತ ಗರಿಷ್ಠ ಮಿತಿ ಅಷ್ಟೇ. ಸಿಗುವುದು ಅದರೊಳಗಿನ ನ್ಯಾಯಸಮ್ಮತ ಪರಿಹಾರ. ನಷ್ಟವೇ ಆಗಿರದಿದ್ದರೆ ಕಡಿತಕ್ಕೂ ಆಧಾರವಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಕೈಲಾಶ್ ನಾಥ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಡೆಬಿಟ್ ನೋಟ್ ಬಂದಾಗ ಒಪ್ಪಿಗೆಯಿಲ್ಲ ಎಂದು ಲಿಖಿತವಾಗಿ ತಿಳಿಸುವುದು ಮಾರುವವನ ಕೆಲಸ. ಸುಮ್ಮನಿದ್ದರೆ ವರ್ಷದ ಕೊನೆಗೆ ಲೆಕ್ಕ ತಾಳೆಯಾಗುವುದಿಲ್ಲ.

ಮಾಲು ಯಾರದು, ದೋಷ ಯಾರದು

ಎರಡು ತಿಂಗಳ ಮೇಲೆ ಕಂಪನಿಯಿಂದ ಫೋನು: ‘ನಿಮ್ಮ ಶಾಫ್ಟಿನಲ್ಲಿ ನೂರೈವತ್ತು ಪೀಸು ಅಳತೆಗೆ ಬಂದಿಲ್ಲ, ಅದಕ್ಕೇ ಪೇಮೆಂಟ್ ಹಿಡಿದಿದ್ದೇವೆ.’ ದುಡ್ಡು ಕೇಳಿದ ಮೇಲಷ್ಟೇ ದೋಷ ಕಾಣುವ ಈ ಚಮತ್ಕಾರ ಎಲ್ಲ ಕೈಗಾರಿಕಾ ವಸಾಹತುಗಳಿಗೂ ಪರಿಚಿತ.

ಇದನ್ನು ಬಿಡಿಸುವುದು 1930ರ ಸರಕು ಮಾರಾಟ ಕಾಯ್ದೆ. ವರ್ಣನೆಗೆ ತಕ್ಕಂತಿರಬೇಕು, ನಮೂನೆಗೆ ಹೊಂದಬೇಕು, ಹೇಳಿದ ಉಪಯೋಗಕ್ಕೆ ಬರಬೇಕು ಎಂಬುದು ಸೆಕ್ಷನ್ 15, 16, 17. ಕೊಂಡವನಿಗೆ ಮಾಲು ಪರೀಕ್ಷಿಸುವ ಹಕ್ಕು ಸೆಕ್ಷನ್ 41ರಲ್ಲಿದೆ. ಹಕ್ಕಿನ ಬೆನ್ನಿಗೇ ಸೆಕ್ಷನ್ 42: ಬೇಡ ಎಂದು ತಿಳಿಸದೆ ಸಾಕಷ್ಟು ಕಾಲ ಮಾಲನ್ನು ಇಟ್ಟುಕೊಂಡರೆ, ಅಥವಾ ಮಾಲೀಕನಂತೆ ಬಳಸಿದರೆ, ಸ್ವೀಕರಿಸಿದಂತೆಯೇ. ಶಾಫ್ಟು ಪಂಪಿನೊಳಗೆ ಸೇರಿ, ಪಂಪು ಮಾರಾಟವಾಗಿದ್ದರೆ ‘ರಿಜೆಕ್ಟ್’ ಎಂಬ ಮಾತಿಗೆ ಅರ್ಥವಿಲ್ಲ. ಆಮೇಲೆ ಕೊಂಡವನಿಗೆ ಉಳಿಯುವುದು ದೋಷದಷ್ಟು ಬೆಲೆ ಕಡಿತ ಅಥವಾ ನಷ್ಟಪರಿಹಾರ ಮಾತ್ರ. 150 ಪೀಸಿಗೆ ₹30,000 ಮತ್ತು ಅದರ ತೆರಿಗೆ. ಅದನ್ನು ನೆಪ ಮಾಡಿ ಪೂರ್ತಿ ₹4,72,000 ಹಿಡಿಯಲು ಬರುವುದಿಲ್ಲ.

ಇಲ್ಲಿ ಮಾರುವವನನ್ನು ಕಾಯುವ ಕಾಗದ ಒಂದೇ: ಕಂಪನಿಯ ಸ್ಟೋರ್ಸ್ ಸೀಲು, ಸಹಿ, ದಿನಾಂಕ ಇರುವ ಡೆಲಿವರಿ ಚಲನ್. ಸಿಕ್ಕರೆ ಜಿಆರ್‌ಎನ್ (ಮಾಲು ಬಂದದ್ದಕ್ಕೆ ಕೊಂಡವನು ಮಾಡುವ ದಾಖಲೆ) ಪ್ರತಿ. ಲಾರಿ ರಸೀದಿಯಿಂದ ಮಾಲು ಹೊರಟಿದ್ದು ಗೊತ್ತಾಗುತ್ತದೆಯೇ ಹೊರತು ತಲುಪಿದ ದಿನ ಗೊತ್ತಾಗುವುದಿಲ್ಲ. ಮುಂದೆ ಬರುವ 45 ದಿನದಂಥ ಗಡುವುಗಳಿಗೆ ತಲುಪಿದ ದಿನದಿಂದಲೇ ಎಣಿಕೆ.

ದಾರಿಯಲ್ಲಿ ಲಾರಿ ಮಗುಚಿದ್ದರೆ? ಸೆಕ್ಷನ್ 26ರಂತೆ ಒಡೆತನ ಯಾರ ಕೈಯಲ್ಲಿತ್ತೋ ಅಪಾಯವೂ ಅವರದೇ. ಸೆಕ್ಷನ್ 39ರಂತೆ, ಕರಾರಿಗೆ ಅನುಸಾರವಾಗಿ ಸಾಗಣೆದಾರನಿಗೆ ಒಪ್ಪಿಸುವುದನ್ನು ಮೇಲ್ನೋಟಕ್ಕೆ ಕೊಂಡವನಿಗೇ ಒಪ್ಪಿಸಿದಂತೆ ಎಣಿಸಲಾಗುತ್ತದೆ. ಆರ್ಡರಿನಲ್ಲಿ ‘ಎಕ್ಸ್-ವರ್ಕ್ಸ್’ (ಮಾರುವವನ ಘಟಕದಲ್ಲೇ ಒಪ್ಪಿಸುವುದು) ಎಂದಿದೆಯೋ ‘ಎಫ್‌ಓಆರ್ ಕೊಯಮತ್ತೂರು’ (ಕೊಯಮತ್ತೂರಿನವರೆಗೆ ಮಾರುವವನೇ ತಲುಪಿಸುವುದು) ಎಂದಿದೆಯೋ ನೋಡಿ. ವಿಮೆ ಯಾರು ಮಾಡಿಸಬೇಕು ಎಂಬುದಕ್ಕೆ ಉತ್ತರ ಅಲ್ಲಿದೆ.

ಎದುರಿಗಿರುವುದು ಯಾರು

ಇದು ಬೇಗ ಮುಗಿಯುವ ವಿಷಯ, ಆದರೆ ಬಿಟ್ಟರೆ ಎಲ್ಲವೂ ಹೋಗುತ್ತದೆ. ಕೊಂಡವನು ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಸಾಲ ಕಂಪನಿಯದು, ನಿರ್ದೇಶಕರ ಮನೆಯದಲ್ಲ. ಪಾಲುದಾರಿಕೆಯಾದರೆ ಎಲ್ಲ ಪಾಲುದಾರರೂ ಒಟ್ಟಾಗಿ ಮತ್ತು ಒಬ್ಬೊಬ್ಬರಾಗಿ ಹೊಣೆ. ಕಂಪನಿಗೆ ದೊಡ್ಡ ಮೊತ್ತದ ಸಾಲ ಕೊಡುವಾಗ ನಿರ್ದೇಶಕರಿಂದ ವೈಯಕ್ತಿಕ ಜಾಮೀನು ಬರೆಸಿಕೊಳ್ಳುವುದು ಇದಕ್ಕಾಗಿಯೇ. ಕರಾರು ಕಾಯ್ದೆಯ ಸೆಕ್ಷನ್ 128ರಲ್ಲಿ ಜಾಮೀನುದಾರನ ಹೊಣೆ ಸಾಲಗಾರನಷ್ಟೇ ಇರುತ್ತದೆ.

ಮಾರುವವನ ಕಡೆಯೂ ಒಂದು ಬಲೆ ಇದೆ. ಅವನದು ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆಯಾಗಿದ್ದರೆ 1932ರ ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 69(2)ರಂತೆ ಕರಾರಿನ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಜಿಎಸ್‌ಟಿ ಸಂಖ್ಯೆ, ಪ್ಯಾನ್, ಬ್ಯಾಂಕ್ ಖಾತೆ ಎಲ್ಲ ಇದ್ದರೂ ಅದು ಸಂಸ್ಥೆಯ ನೋಂದಣಿ ಆಗುವುದಿಲ್ಲ. ಪಾಲುದಾರಿಕೆ ಪತ್ರವನ್ನು ನೋಟರಿ ಮಾಡಿಸಿದ್ದನ್ನೇ ನೋಂದಣಿ ಎಂದುಕೊಂಡವರೂ ಇದ್ದಾರೆ.

45 ದಿನದ ಕಾಯ್ದೆ

ಇನ್ನು ಈ ಬಿಲ್ಲಿನ ಮುಖ್ಯ ಭಾಗ. ಪೀಣ್ಯದ ಘಟಕ ಸರ್ಕಾರದ ‘ಉದ್ಯಮ್’ ಪೋರ್ಟಲಿನಲ್ಲಿ ನೋಂದಾಯಿತ ಸಣ್ಣ ಉದ್ಯಮ ಎಂದಿಟ್ಟುಕೊಳ್ಳಿ. ಆಗ 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆ ಕರಾರಿನ ಮೇಲೆ ಹತ್ತಿ ಕೂರುತ್ತದೆ. ಸೆಕ್ಷನ್ 15: ಲಿಖಿತವಾಗಿ ಅವಧಿ ಒಪ್ಪಿಕೊಂಡಿದ್ದರೂ ಅದು ಮಾಲು ಸ್ವೀಕೃತವಾದ ದಿನದಿಂದ 45 ದಿನ ಮೀರುವಂತಿಲ್ಲ. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನ. ಆರ್ಡರಿನ ಹಿಂಬದಿಯ ‘90 ದಿನ’ ಇಲ್ಲಿಗೆ ಬಂದು ಮುಗ್ಗರಿಸುತ್ತದೆ.

ಸ್ವೀಕೃತಿಯ ದಿನ ಯಾವುದು? ತಲುಪಿದ 15 ದಿನದೊಳಗೆ ಕೊಂಡವನು ಲಿಖಿತ ಆಕ್ಷೇಪ ಎತ್ತದಿದ್ದರೆ, ತಲುಪಿದ ದಿನವೇ. ಇಲ್ಲಿ ಜೂನ್ 10. ಅಲ್ಲಿಂದ 45 ದಿನ ಎಂದರೆ ಜುಲೈ 25. ಎರಡು ತಿಂಗಳ ಮೇಲೆ ಬಂದ ಫೋನಿಗೆ ಈ ಎಣಿಕೆಯಲ್ಲಿ ಜಾಗವೇ ಇಲ್ಲ. ಆಕ್ಷೇಪ ಸಮಯಕ್ಕೆ ಸರಿಯಾಗಿ ಬಂದಿದ್ದರೆ ಮಾತ್ರ, ಮಾರುವವನು ಅದನ್ನು ಸರಿಪಡಿಸಿದ ದಿನದಿಂದ ಲೆಕ್ಕ.

ಜುಲೈ 26ರಿಂದ ಸೆಕ್ಷನ್ 16ರ ಬಡ್ಡಿ ಓಡುತ್ತದೆ. ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಇಲ್ಲಿ ವಿದ್ಯಾರ್ಥಿಗಳು ರೆಪೋ ದರ ಹಿಡಿದು ತಪ್ಪುವುದುಂಟು. ಕಾಯ್ದೆ ಹೇಳುವುದು ಬ್ಯಾಂಕ್ ದರ. 2023ರ ಫೆಬ್ರವರಿಯಿಂದ 2025ರ ಫೆಬ್ರವರಿ ಮೊದಲ ವಾರದವರೆಗೆ ಅದು ಶೇ 6.75 ಇತ್ತು. ಮೂರು ಪಟ್ಟು ಎಂದರೆ ಶೇ 20.25, ತಿಂಗಳಿಗೆ ಶೇ 1.6875. ₹4,72,000ಕ್ಕೆ ಆರು ತಿಂಗಳು, ಅಂದರೆ 2025ರ ಜನವರಿ 25ರವರೆಗೆ, ಬಡ್ಡಿ ಸುಮಾರು ₹49,850. ಶಾಫ್ಟ್ ಮಾಡಿದ್ದರಲ್ಲಿ ಸಿಕ್ಕ ಲಾಭ ಇಷ್ಟಿತ್ತೋ ಇಲ್ಲವೋ. ಬ್ಯಾಂಕ್ ದರ ಆಮೇಲೆ ಇಳಿದಿದೆ, ಆದ್ದರಿಂದ ನಂತರದ ತಿಂಗಳುಗಳಿಗೆ ಆಯಾ ಕಾಲದ ದರ ನೋಡಿಕೊಳ್ಳಬೇಕು.

ವಸೂಲಿಗೆ ಸೆಕ್ಷನ್ 18ರ ಸೌಲಭ್ಯ ಮಂಡಳಿ. ಮೊದಲು ರಾಜಿ ಸಂಧಾನ, ಅದು ಮುರಿದರೆ ಅಲ್ಲಿಯೇ ಅಥವಾ ಮಂಡಳಿ ಒಪ್ಪಿಸಿದ ಸಂಸ್ಥೆಯಲ್ಲಿ ಮಧ್ಯಸ್ಥಿಕೆ. ಕೊಂಡವನು ದೇಶದಲ್ಲಿ ಎಲ್ಲೇ ಇರಲಿ, ಮಾರುವವನು ಇರುವ ಊರಿನ ಮಂಡಳಿಗೇ ಅಧಿಕಾರ, ಕೊಯಮತ್ತೂರಿಗೆ ಓಡಬೇಕಿಲ್ಲ. ಆರ್ಡರಿನಲ್ಲಿ ‘ಮಧ್ಯಸ್ಥಿಕೆ ಚೆನ್ನೈನಲ್ಲಿ ಮಾತ್ರ’ ಎಂದಿದ್ದರೂ ಈ ಕಾಯ್ದೆಯೇ ಮೇಲು ಎಂದು 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಮಹಾಕಾಳಿ ಫುಡ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಮಂಡಳಿಯ ಆದೇಶವನ್ನು ಪ್ರಶ್ನಿಸಬೇಕಾದರೆ ಕೊಂಡವನು ಸೆಕ್ಷನ್ 19ರಂತೆ ಶೇ 75 ಹಣ ಮೊದಲು ಕಟ್ಟಬೇಕು. ಪುಸ್ತಕದಲ್ಲಿ 90 ದಿನದೊಳಗೆ ಇತ್ಯರ್ಥ ಎಂದಿದೆ. ಆ 90ನ್ನು ಯಾರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಾಯುವುದಿಲ್ಲ.

ಈ ರಕ್ಷಣೆ ಎರಡು ಕಡೆ ಕೈಜಾರುತ್ತದೆ. ಒಂದು, ನೋಂದಣಿಯ ದಿನ. ಮಾಲು ಕಳಿಸಿ, ದುಡ್ಡು ನಿಂತಮೇಲೆ ಉದ್ಯಮ್ ನೋಂದಣಿ ಮಾಡಿಸಿಕೊಂಡು ಹಳೆಯ ಬಾಕಿಗೆ ಅನ್ವಯಿಸಿಕೊಳ್ಳಲು ಬರುವುದಿಲ್ಲ ಎಂದು 2021ರಲ್ಲಿ ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಕೋರ್ಟ್ ಹೇಳಿತು. ನೋಂದಣಿ ಅಷ್ಟು ಕಡ್ಡಾಯವೇ ಎಂಬ ಪ್ರಶ್ನೆಯನ್ನು 2025ರ ಜನವರಿಯಲ್ಲಿ ಇನ್ನೊಂದು ಪೀಠ ದೊಡ್ಡ ಪೀಠಕ್ಕೆ ಒಪ್ಪಿಸಿದೆ. ನೋಂದಣಿಗೆ ಶುಲ್ಕವಿಲ್ಲ. ಮೊದಲೇ ಮಾಡಿಸಿಕೊಂಡು, ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿದರೆ ಈ ವಾದದ ಗೊಡವೆಯೇ ಇಲ್ಲ. ಎರಡು, ಈ ರಕ್ಷಣೆ ಇರುವುದು ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಮಾತ್ರ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ಮಿತಿ ಹೂಡಿಕೆಯಲ್ಲಿ ₹25 ಕೋಟಿ, ವಹಿವಾಟಿನಲ್ಲಿ ₹100 ಕೋಟಿ. ಅದನ್ನು ದಾಟಿದ ಮಧ್ಯಮ ಉದ್ಯಮಕ್ಕೆ ಇಲ್ಲ. ಕೊಂಡು ಮಾರುವ ವ್ಯಾಪಾರಿಗಳಿಗೆ 2021ರ ಜುಲೈಯಲ್ಲಿ ಉದ್ಯಮ್ ನೋಂದಣಿ ತೆರೆದರೂ ಅದು ಆದ್ಯತಾ ವಲಯದ ಸಾಲಕ್ಕಷ್ಟೇ ಸೀಮಿತ.

ಚೆಕ್ಕು: ದಿನ ಎಣಿಸುವ ಕಾನೂನು

ಕಂಪನಿ ಕೊನೆಗೊಂದು ಚೆಕ್ಕು ಕೊಟ್ಟಿತು, ಅದು ‘ಸಾಕಷ್ಟು ಹಣವಿಲ್ಲ’ ಎಂದು ಮರಳಿತು ಎನ್ನಿ. 1881ರ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138 ಮಾರುವವನ ಕೈಗೆ ಕ್ರಿಮಿನಲ್ ಅಸ್ತ್ರ ಕೊಡುತ್ತದೆ: ಎರಡು ವರ್ಷದವರೆಗೆ ಸಜೆ, ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಕಂಪನಿಯ ಜೊತೆಗೆ ಅದರ ವ್ಯವಹಾರ ನೋಡಿಕೊಳ್ಳುವವರನ್ನೂ ಸೆಕ್ಷನ್ 141 ಆರೋಪಿಯಾಗಿಸುತ್ತದೆ. ಕಂಪನಿಯ ಗೋಡೆಯ ಹಿಂದೆ ನಿಂತ ನಿರ್ದೇಶಕರು ಈ ಒಂದು ಕಡೆ ಕೈಗೆ ಸಿಗುತ್ತಾರೆ. ಪ್ರಕರಣ ಹೂಡುವುದು ಹಣ ಪಡೆಯಬೇಕಾದವನ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲಿ. 2015ರ ತಿದ್ದುಪಡಿಯಿಂದ ಹೀಗೆ.

ಅಸ್ತ್ರ ಚೂಪು, ಆದರೆ ಒಂದು ದಿನ ತಪ್ಪಿದರೆ ಮೊಂಡು. ಚೆಕ್ಕನ್ನು ಅದರ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಮರಳಿದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ಲಿಖಿತ ನೋಟಿಸು. ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ದೂರು. ಉದಾಹರಣೆಗೆ ಬ್ಯಾಂಕಿನ ಮೆಮೊ ಕೈಸೇರಿದ್ದು ಜೂನ್ 10 ಆದರೆ ನೋಟಿಸು ಜುಲೈ 10ರೊಳಗೆ ಹೊರಡಬೇಕು. ಅದು ಜುಲೈ 14ಕ್ಕೆ ತಲುಪಿದರೆ, ಆ ದಿನ ಬಿಟ್ಟು 15 ದಿನ ಎಂದರೆ ಜುಲೈ 29. ದೂರಿನ ಹಕ್ಕು ಹುಟ್ಟುವುದು ಜುಲೈ 30. ಆಗಸ್ಟ್ 30ರೊಳಗೆ ದೂರು ದಾಖಲಾಗಬೇಕು. 15 ದಿನ ಮುಗಿಯುವ ಮುಂಚೆಯೇ ದೂರು ಹಾಕಿದರೂ ಕೆಡುತ್ತದೆ, ಅವಸರವೂ ಇಲ್ಲಿ ದೋಷವೇ.

ನೋಟಿಸಿನ ಒಕ್ಕಣೆಯಲ್ಲೂ ಎಡವುತ್ತಾರೆ. ಕೇಳುವ ಮೊತ್ತ ಚೆಕ್ಕಿನ ಮೊತ್ತವೇ ಆಗಿರಬೇಕು. 2025ರ ಸೆಪ್ಟೆಂಬರಿನ ಕಾವೇರಿ ಪ್ಲಾಸ್ಟಿಕ್ಸ್ ತೀರ್ಪಿನಲ್ಲಿ, ಒಂದು ಕೋಟಿಯ ಚೆಕ್ಕಿಗೆ ಎರಡು ಕೋಟಿ ಎಂದು ಬರೆದ ನೋಟಿಸು ಬಿದ್ದುಹೋಯಿತು. ಟೈಪಿಂಗ್ ತಪ್ಪು ಎಂಬ ಸಮಜಾಯಿಷಿ ನಡೆಯಲಿಲ್ಲ. ಬಡ್ಡಿ, ವಕೀಲರ ಫೀಸು ಕೇಳುವುದಿದ್ದರೆ ಬೇರೆ ಸಾಲಿನಲ್ಲಿ, ಬೇರೆ ಅಂಕಿಯಾಗಿ ಬರೆಯಬೇಕು.

ಕೋರ್ಟುಗಳ ಸರದಿ

ಚೆಕ್ಕೂ ಇಲ್ಲ, ಉದ್ಯಮ್ ಸಂಖ್ಯೆಯೂ ಇಲ್ಲ ಎಂದಾದರೆ ಉಳಿಯುವುದು ಸಿವಿಲ್ ದಾವೆ. ವ್ಯಾಜ್ಯದ ಮೌಲ್ಯ ₹3 ಲಕ್ಷ ಅಥವಾ ಹೆಚ್ಚಿದ್ದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅನ್ವಯ. ಶುರುವಿನಲ್ಲಿ ಮಿತಿ ₹1 ಕೋಟಿ ಇತ್ತು, 2018ರಲ್ಲಿ ಇಳಿಸಿದರು. ನಮ್ಮ ಬಿಲ್ಲು ಒಳಗೆ ಬರುತ್ತದೆ. ತುರ್ತು ತಡೆಯಾಜ್ಞೆ ಬೇಕಿಲ್ಲದಿದ್ದರೆ ದಾವೆಗೆ ಮುಂಚೆ ಸೆಕ್ಷನ್ 12ಎ ಪ್ರಕಾರ ಸಂಧಾನಕ್ಕೆ ಹೋಗಲೇಬೇಕು. ಹೋಗದೆ ನೇರವಾಗಿ ಹೂಡಿದ ದಾವೆ ತಿರಸ್ಕೃತವಾಗುತ್ತದೆ ಎಂದು 2022ರ ಪಾಟೀಲ್ ಆಟೊಮೇಷನ್ ತೀರ್ಪು ಹೇಳಿತು. ಪ್ರತಿವಾದಿ ಸಮನ್ಸ್ ತಲುಪಿದ 120 ದಿನದೊಳಗೆ ಲಿಖಿತ ಉತ್ತರ ಕೊಡದಿದ್ದರೆ ಆ ಹಕ್ಕೇ ಹೋಗುತ್ತದೆ. ಸಾಮಾನ್ಯ ಸಿವಿಲ್ ಕೋರ್ಟಿನ ‘ಮುಂದಿನ ತಾರೀಕು’ ಸಂಸ್ಕೃತಿಗೆ ಹೋಲಿಸಿದರೆ ಇದು ಬಿಗಿ.

ಇನ್ನು ‘ಎನ್‌ಸಿಎಲ್‌ಟಿಗೆ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಎಳೆಯುತ್ತೇವೆ’ ಎಂಬ ಬೆದರಿಕೆ. 2016ರ ದಿವಾಳಿ ಸಂಹಿತೆಯಡಿ ಅರ್ಜಿಗೆ ಕನಿಷ್ಠ ಬಾಕಿ 2020ರ ಮಾರ್ಚ್ 24ರಿಂದ ₹1 ಕೋಟಿ. ₹4,72,000ಕ್ಕೆ ಆ ಬಾಗಿಲು ಮುಚ್ಚಿದೆ. ಕೋಟಿ ದಾಟಿದರೂ ಬೇಡಿಕೆ ನೋಟಿಸಿಗೆ ಮುಂಚೆಯೇ ಗುಣಮಟ್ಟದ ತಕರಾರು ಇತ್ತು ಎಂದು ಎದುರು ಪಕ್ಷ ತೋರಿಸಿದರೆ ಅರ್ಜಿ ನಿಲ್ಲುವುದಿಲ್ಲ. ಹಾಗಾಗಿಯೇ ಅಲ್ಲಲ್ಲಿ ಒಂದೊಂದು ದೂರಿನ ಇಮೇಲ್ ಬಿತ್ತಿ ಇಟ್ಟುಕೊಳ್ಳುವ ಖರೀದಿ ವಿಭಾಗಗಳಿವೆ. ಅಂಥ ಇಮೇಲಿಗೆ ಅಂದೇ ಉತ್ತರ ಹೋಗಬೇಕು.

ಎಲ್ಲಕ್ಕೂ ಮೇಲೆ ಕಾಲಮಿತಿ. ಮಾಲಿನ ಬೆಲೆಗೆ ಮೂರು ವರ್ಷ. ಉದ್ದರಿಯ ಅವಧಿ ನಿಗದಿಯಾಗಿದ್ದರೆ ಅದು ಮುಗಿದ ದಿನದಿಂದ, ಇಲ್ಲದಿದ್ದರೆ ಮಾಲು ತಲುಪಿದ ದಿನದಿಂದ ಎಣಿಕೆ. ಅವಧಿಯ ಬಗ್ಗೆಯೇ ತಕರಾರಿರುವಾಗ ಎಲ್ಲಕ್ಕಿಂತ ಮುಂಚಿನ ದಿನಾಂಕ ಹಿಡಿಯುವುದು ಕ್ಷೇಮ. ನಮ್ಮ ಬಿಲ್ಲಿಗೆ 2027ರ ಜೂನ್ 10. ಅದರೊಳಗೆ ಕೊಂಡವನು ಸಹಿ ಮಾಡಿ ಬಾಕಿ ಒಪ್ಪಿಕೊಂಡರೆ ಅಥವಾ ಒಂದಿಷ್ಟು ಹಣ ಕಟ್ಟಿದರೆ ಹೊಸದಾಗಿ ಮೂರು ವರ್ಷ ಶುರು. ಪ್ರತಿ ಮಾರ್ಚಿನಲ್ಲಿ ಬಾಕಿ ದೃಢೀಕರಣ ಪತ್ರಕ್ಕೆ ಸಹಿ ಪಡೆಯುವ ರೂಢಿಯ ಹಿಂದಿನ ಕಾನೂನು ಇದು. ನಮ್ಮದೇ ಟ್ಯಾಲಿಯಿಂದ ತೆಗೆದ ಲೆಡ್ಜರಿಗೆ ನಾವೇ ಸಹಿ ಹಾಕಿಕೊಂಡರೆ ಏನೂ ಆಗುವುದಿಲ್ಲ.

ದೂರು ಬೇಡದ ಕಾನೂನು

ಇಲ್ಲಿಯವರೆಗೆ ಬಂದ ಪ್ರತಿಯೊಂದು ದಾರಿಗೂ ಒಂದು ಸಾಮಾನ್ಯ ದೌರ್ಬಲ್ಯವಿದೆ: ಮಾರುವವನು ಮುಂದೆ ಬಂದು ತನ್ನ ಗಿರಾಕಿಯ ಮೇಲೇ ದೂರು ಕೊಡಬೇಕು. ವಹಿವಾಟಿನ ಅರ್ಧಕ್ಕಿಂತ ಹೆಚ್ಚು ಒಂದೇ ಕಂಪನಿಯಿಂದ ಬರುವ ಘಟಕ ಆ ಕಂಪನಿಗೆ ನೋಟಿಸು ಕಳಿಸಿದರೆ ಮುಂದಿನ ಆರ್ಡರಿನ ಗತಿಯೇನು? ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಷ್ಟು ಕಠಿಣವಾಗಿದ್ದೂ 2006ರಿಂದ ಬಹುಪಾಲು ಕಾಗದದಲ್ಲೇ ಉಳಿದದ್ದಕ್ಕೆ ನಮ್ಮ ಅಭಿಪ್ರಾಯದಲ್ಲಿ ಮುಖ್ಯ ಕಾರಣ ಇದೇ. ದರ ಕಡಿಮೆಯಾಗಿ ಅಲ್ಲ, ಕೇಳುವ ಧೈರ್ಯ ದುಬಾರಿಯಾಗಿ.

2023ರ ಹಣಕಾಸು ಕಾಯ್ದೆ ಇದನ್ನು ಬೇರೆ ದಾರಿಯಿಂದ ಹಿಡಿಯಿತು. ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 43ಬಿಗೆ ‘ಎಚ್’ ಎಂಬ ಒಂದು ಉಪಖಂಡ ಸೇರಿಸಿ, 2023-24ರ ಲೆಕ್ಕವರ್ಷದಿಂದ ಜಾರಿ ಮಾಡಿತು. ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಸೆಕ್ಷನ್ 15ರ ಗಡುವು ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು, ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವೆಂದು ತೋರಿಸಬಹುದು. ಸೆಕ್ಷನ್ 43ಬಿಯ ಬೇರೆ ಬಾಕಿಗಳಿಗಿರುವ ‘ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಕಟ್ಟಿದರೂ ಸರಿ’ ಎಂಬ ವಿನಾಯಿತಿ ಇದಕ್ಕಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆ ಬದಲಾಗಿದ್ದರೂ ನಿಯಮ ಮುಂದುವರಿದಿದೆ.

ಇದರ ಹಲ್ಲು ಎಲ್ಲಿ ಕಚ್ಚುತ್ತದೆ ಎಂಬುದನ್ನು ಸರಿಯಾಗಿ ನೋಡಬೇಕು, ಬಹಳ ಜನ ಇಲ್ಲಿ ತಪ್ಪಾಗಿ ತಿಳಿದಿದ್ದಾರೆ. ನಮ್ಮ ಜೂನ್ 10ರ ಮಾಲಿನ ಹಣವನ್ನು ಕಂಪನಿ 2025ರ ಮಾರ್ಚ್ 30ಕ್ಕೆ ಕೊಟ್ಟಿತು ಎನ್ನಿ. ಗಡುವು ಎಂಟು ತಿಂಗಳು ಮೀರಿದೆ, ಆದರೆ ಅದೇ ಲೆಕ್ಕವರ್ಷದೊಳಗೆ ಪಾವತಿಯಾದ್ದರಿಂದ ತೆರಿಗೆಯಲ್ಲಿ ಕಂಪನಿಗೆ ಒಂದು ರೂಪಾಯಿ ನಷ್ಟವಿಲ್ಲ. ಅದೇ ಮಾಲು ಫೆಬ್ರವರಿ 5ಕ್ಕೆ ತಲುಪಿ, ಮಾರ್ಚ್ 22ರ ಗಡುವು ದಾಟಿ, ಹಣ ಮೇ ತಿಂಗಳಲ್ಲಿ ಹೋದರೆ ₹4,00,000 ಆ ವರ್ಷದ ಲಾಭಕ್ಕೆ ಸೇರಿಕೊಳ್ಳುತ್ತದೆ. ಶೇ 25.168 ದರದ ಕಂಪನಿಗೆ ₹1,00,672 ತೆರಿಗೆ ಮುಂಚಿತವಾಗಿ ಬಿತ್ತು. ಮುಂದಿನ ವರ್ಷ ಅದು ಸರಿಹೋಗುತ್ತದೆ. ಮಾರ್ಚ್ 10ಕ್ಕೆ ತಲುಪಿದ ಮಾಲಿಗೆ ಏಪ್ರಿಲ್ 24ರೊಳಗೆ ಕೊಟ್ಟರೆ ಏನೂ ತೊಂದರೆಯಿಲ್ಲ. ಅಂದರೆ ಈ ನಿಯಮ ವರ್ಷವಿಡೀ ಕಾಯುವ ಕಾವಲುಗಾರನಲ್ಲ. ವರ್ಷಾಂತ್ಯಕ್ಕೊಮ್ಮೆ ಬರುವ ತನಿಖಾಧಿಕಾರಿ. ಮೇ, ಜೂನ್ ಬಿಲ್ಲುಗಳನ್ನು ಮಾರ್ಚಿನವರೆಗೆ ತಳ್ಳುವ ಕಂಪನಿಗೆ ಇದರ ಭಯವಿಲ್ಲ.

ಆದರೂ ಇದು ಕೆಲಸ ಮಾಡುವುದೇಕೆಂದರೆ ಇಲ್ಲಿ ಮಾರುವವನು ಬಾಯಿ ತೆರೆಯಬೇಕಾಗಿಲ್ಲ. ಕಂಪನಿಯ ಲೆಕ್ಕಪರಿಶೋಧಕರೇ ‘ಯಾರು ಯಾರು ಉದ್ಯಮ್ ನೋಂದಾಯಿತರು, ಯಾರಿಗೆ 45 ದಿನ ದಾಟಿದೆ’ ಎಂಬ ಪಟ್ಟಿ ಕೇಳುತ್ತಾರೆ. ಜಿಎಸ್‌ಟಿಯಲ್ಲೂ ಇದೇ ಗುಣದ ಒಂದು ನಿಯಮವಿದೆ. ಮಾರುವವನು ಜೂನ್ ತಿಂಗಳ ₹72,000 ತೆರಿಗೆಯನ್ನು ಜುಲೈ 20ಕ್ಕೆ ತನ್ನ ಕಿಸೆಯಿಂದಲೇ ಕಟ್ಟುತ್ತಾನೆ, ದುಡ್ಡು ಬಂದಿರಲಿ ಬಿಡಲಿ. ಕೊಂಡವನು ಅದನ್ನು ಇನ್‌ಪುಟ್ ಕ್ರೆಡಿಟ್ ಎಂದು, ಅಂದರೆ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಲು, ತೆಗೆದುಕೊಳ್ಳುತ್ತಾನೆ. ಬಿಲ್ಲಿನ ದಿನಾಂಕದಿಂದ 180 ದಿನ, ಇಲ್ಲಿ 2024ರ ಡಿಸೆಂಬರ್ 5, ದಾಟಿಯೂ ಹಣ ಕೊಡದಿದ್ದರೆ ಆ ಕ್ರೆಡಿಟ್ಟನ್ನು ಬಡ್ಡಿಯೊಂದಿಗೆ ಹಿಂತಿರುಗಿಸಬೇಕು. ‘ನಮ್ಮ ಬಾಕಿ ತೀರಿಸಿ’ ಎಂಬ ಪತ್ರಕ್ಕಿಂತ ‘180 ದಿನ ಹತ್ತಿರವಾಯಿತು, ನಿಮ್ಮ ಕ್ರೆಡಿಟ್ ನೋಡಿಕೊಳ್ಳಿ’ ಎಂಬ ನಯವಾದ ನೆನಪೋಲೆ ಬೇಗ ಚೆಕ್ಕು ತರುತ್ತದೆ. ಅದರಲ್ಲಿ ಜಗಳದ ವಾಸನೆಯೂ ಇರುವುದಿಲ್ಲ.

ಒತ್ತಡ ಹಾಕಿದ ಕಡೆಯೆಲ್ಲ ನೀರು ಬೇರೆ ಸಂದಿ ಹುಡುಕುತ್ತದೆ. ತೆರಿಗೆ ನಿಯಮ ಬಂದಮೇಲೆ ‘ಉದ್ಯಮ್ ನೋಂದಣಿ ರದ್ದು ಮಾಡಿಸಿ, ಇಲ್ಲದಿದ್ದರೆ ಆರ್ಡರಿಲ್ಲ’ ಎನ್ನುವ, ಮಾಲನ್ನು ನಡುವೆ ಒಬ್ಬ ವ್ಯಾಪಾರಿಯ ಮೂಲಕ ಕೊಳ್ಳುವ, ಸಣ್ಣವರನ್ನು ಬಿಟ್ಟು ಮಧ್ಯಮ ಉದ್ಯಮಗಳತ್ತ ತಿರುಗುವ ದಾರಿಗಳು ಕಾಣಿಸಿಕೊಂಡವು. ಇನ್ನೂ ಸುಲಭದ ದಾರಿ, ಜಿಆರ್‌ಎನ್ ಹಾಕುವುದನ್ನೇ ತಡಮಾಡಿ ‘ಸ್ವೀಕೃತಿ ಈಗಷ್ಟೇ ಆಯಿತು’ ಎನ್ನುವುದು. ಸ್ಟೋರ್ಸ್ ಸೀಲಿರುವ ಚಲನ್ ಕೈಯಲ್ಲಿದ್ದರೆ ಈ ಆಟ ನಡೆಯದು.

ತರಗತಿಯಲ್ಲಿ ಇದನ್ನೆಲ್ಲ ಪರೀಕ್ಷಿಸಿ ನೋಡಲು ಒಂದು ಬಿಲ್ಲೂ ಬೇಕಾಗಿಲ್ಲ. ಷೇರುಪೇಟೆಯಲ್ಲಿರುವ ಯಾವುದೇ ತಯಾರಿಕಾ ಕಂಪನಿಯ ವಾರ್ಷಿಕ ವರದಿ ತೆರೆದು, ಲೆಕ್ಕಪತ್ರದ ಟಿಪ್ಪಣಿಗಳಲ್ಲಿ ‘ಟ್ರೇಡ್ ಪೇಯಬಲ್ಸ್’ (ಮಾಲು ಕೊಟ್ಟವರಿಗೆ ಕೊಡಬೇಕಾದ ಬಾಕಿ) ಹುಡುಕಿ. ಸೂಕ್ಷ್ಮ-ಸಣ್ಣ ಉದ್ಯಮಗಳ ಬಾಕಿ ಬೇರೆ ಸಾಲಿನಲ್ಲಿರುತ್ತದೆ. ಒಂದು ವರ್ಷದೊಳಗಿನದು, ಒಂದರಿಂದ ಎರಡು, ಎರಡರಿಂದ ಮೂರು, ಮೂರು ವರ್ಷ ಮೀರಿದ್ದು ಎಂದು ವಯಸ್ಸಿನ ಪಟ್ಟಿಯೂ ಇರುತ್ತದೆ. ಅದರ ಕೆಳಗೆ 2006ರ ಕಾಯ್ದೆಯ ಸೆಕ್ಷನ್ 22 ಕೇಳುವ ವಿವರಗಳು: ಗಡುವು ಮೀರಿದ ಅಸಲೆಷ್ಟು, ಸಲ್ಲಬೇಕಾದ ಬಡ್ಡಿ ಎಷ್ಟು, ಕೊಟ್ಟದ್ದೆಷ್ಟು. ಅಸಲಿನ ಮುಂದೆ ಕೋಟಿಗಳಿದ್ದು ಬಡ್ಡಿಯ ಮುಂದೆ ಬರೀ ಒಂದು ಅಡ್ಡಗೆರೆ ಇದ್ದರೆ, ಆ ಗೆರೆ ಹೇಗೆ ಬಂತು ಎಂದು ಕೇಳಿಕೊಳ್ಳಿ: ಎಲ್ಲರಿಗೂ ಗಡುವಿನೊಳಗೇ ಪಾವತಿಯಾಯಿತೇ, ನೋಂದಾಯಿತರ ಪಟ್ಟಿಯನ್ನೇ ಸರಿಯಾಗಿ ಮಾಡಲಿಲ್ಲವೇ, ಅಥವಾ ಪೀಣ್ಯದಂಥ ಕಡೆಯಿಂದ ಯಾರೂ ಕೇಳಲೇ ಇಲ್ಲವೇ?